ಮಾರಬಾರದವರ ಪಟ್ಟಿ

ಅವಳ ಬಲಗಣ್ಣನ್ನು ಅಂಗೈಯಲ್ಲಿ ಒತ್ತಿ ಮುಚ್ಚಿ, ಇನ್ನೊಂದು ಕೈಯ ಎರಡು ಬೆರಳುಗಳನ್ನು ಅವಳ ಮುಖದ ಮುಂದೆ ಎತ್ತಿ ಹಿಡಿದು, ‘ಎಷ್ಟು?’ ಎಂದು ಕೇಳಿದ. ಹೆಂಡತಿ ಅಡಿಗೆಮನೆಯ ಕಿಟಕಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಹತ್ತು ದಿನದಿಂದ ಇದು ರೂಢಿಯಾಗಿತ್ತು. ಹಲ್ಲುಜ್ಜಿ ಮುಖ ಒರೆಸಿಕೊಂಡು ತಾನೇ ಬಂದು ಕೂರುತ್ತಿದ್ದಳು. ಮೊದಮೊದಲು ಅವನು ಕೇಳುವ ಮುಂಚೆಯೇ ‘ಎರಡು’, ‘ನಾಲ್ಕು’ ಎಂದು ಪಟಪಟ ಹೇಳುತ್ತಿದ್ದಳು. ಆಮೇಲೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡಿ ಹೇಳತೊಡಗಿದಳು. ಇವತ್ತು ಕತ್ತನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು, ಕೊನೆಗೆ ಅವನ ಮನಸ್ಸಿನಲ್ಲಿ ಎಷ್ಟಿದೆಯೆಂದು ಊಹಿಸುವವಳಂತೆ ‘ಮೂರಾ?’ ಎಂದಳು. ಅವನು ಬೆರಳು ಮಡಿಸಿ ಮುಷ್ಟಿ ಮಾಡಿದ. ಆ ಮುಷ್ಟಿಯನ್ನು ಅವಳ ಎಡಗಣ್ಣಿನ ಹತ್ತಿರಕ್ಕೆ ತಂದ; ಒಂದು ಗೇಣು, ಅರ್ಧ ಗೇಣು, ರೆಪ್ಪೆಯ ಕೂದಲು ಬೆರಳ ಗೆಣ್ಣಿಗೆ ತಾಗುವಷ್ಟು. ‘ಈಗ?’ ‘ಎರಡು,’ ಎಂದಳು. ಆ ಕಣ್ಣು ಮಿಟುಕಲಿಲ್ಲ. ಅವನು ನೀರಿನ ಲೋಟಕ್ಕೆ ಕೈ ಚಾಚಿದರೂ ಭುಜ ಕುಗ್ಗಿಸಿಕೊಳ್ಳುತ್ತಿದ್ದವಳು, ಅದೇ ಮುಷ್ಟಿಯ ಎದುರಿಗೆ ಮುಖ ಎತ್ತಿಕೊಂಡು, ಉತ್ತರ ಸರಿಯೋ ತಪ್ಪೋ ಎಂದು ಕಾಯುತ್ತ ಕೂತಿದ್ದಳು.

ಅವನಿಗೆ ಭಯವಾಗಬೇಕಿತ್ತು, ಆದದ್ದು ಸಿಟ್ಟು. ಅವನೊಳಗೆ ಏನೇ ಹುಟ್ಟಲಿ, ನಾಚಿಕೆಯೋ ದುಃಖವೋ ಕನಿಕರವೋ, ಭುಜ ದಾಟಿ ಕೈಗೆ ಬರುವ ಹೊತ್ತಿಗೆ ಅದು ಸಿಟ್ಟಾಗಿರುತ್ತಿತ್ತು. ಅವಳ ಗದ್ದವನ್ನು ಹಿಡಿದು ಬೆಳಕಿನ ಕಡೆಗೆ ತಿರುಚಿದ. ‘ನೋಡೇ! ಸರಿಯಾಗಿ ನೋಡು! ಬೇಕಂತಲೇ ಮಾಡ್ತಿದೀಯಾ?’ ಕುರ್ಚಿ ಹಿಂದಕ್ಕೆ ವಾಲಿ ಅವಳ ತಲೆ ಗೋಡೆಗೆ ಬಡಿಯಿತು, ಜೋರಾಗಿ ಏನಲ್ಲ, ಆದರೆ ಕಪಾಟಿನಲ್ಲಿದ್ದ ತಟ್ಟೆಗಳು ಒಮ್ಮೆ ಕಣಕಣ ಎಂದವು. ಡಬ್ಬಿಯಿಂದ ಕ್ಯಾಪ್ಸೂಲ್ ತೆಗೆದು ಅವಳ ಬಾಯಿಗೆ ತುರುಕಿ ಎರಡು ದವಡೆಗಳನ್ನೂ ಒತ್ತಿ ಹಿಡಿದ. ಹಲ್ಲಿಗೆ ಸಿಕ್ಕಿ ಅದು ಒಡೆಯಿತು. ಚೆಂಡುಹೂವಿನ ಸಾರದ ಕಿತ್ತಳೆ ಬಣ್ಣದ ಎಣ್ಣೆ, ಒಳತುಟಿ ಕಚ್ಚಿಹೋಗಿ ಬಂದ ರಕ್ತದ ಜೊತೆ ಸೇರಿ, ಅವಳ ಗದ್ದದ ಮೇಲಿಂದ ಅವನ ಮಣಿಕಟ್ಟಿಗೆ ಇಳಿಯಿತು. ‘ಬಿಡಿ, ನುಂಗ್ತೀನಿ. ನಾನೇ ನುಂಗ್ತೀನಿ,’ ಎಂದಳು ಅವಳು, ಬಾಯಿ ತುಂಬಿದ್ದರಿಂದ ಮಾತು ಮಕ್ಕಳ ಮಾತಿನಂತೆ ಕೇಳಿಸಿತು. ನುಂಗಿದಳು ಕೂಡ. ಅವನು ನೀರು ಕೊಟ್ಟ. ಅವಳ ಎಡಗೆನ್ನೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕಪ್ಪಾಗಿದ್ದುದು ನೀಲಿಯಾಗಿ, ಹಸಿರಾಗಿ, ಹಳದಿಯಾಗಿ, ಈಗ ಚರ್ಮದ ಬಣ್ಣಕ್ಕೇ ಬಂದಿತ್ತು. ಹತ್ತು ದಿನವೂ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಅವಳ ಕಣ್ಣಿಗಲ್ಲ, ಈ ಕೆನ್ನೆಗೆ. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲದವನಂತೆ ಬೂಟಿನ ದಾರ ಕಟ್ಟಿಕೊಂಡು ಅಂಗಡಿಗೆ ಹೊರಟ.

ಬೀದಿಯ ತಿರುವಿನಲ್ಲಿ ಬೀಗ ರಿಪೇರಿಯವನು ಎಂದಿನಂತೆ ‘ಏನು ಅರೆಡಾಕ್ಟ್ರೇ, ನಮ್ಮ ಕಣ್ಣು ಯಾವಾಗ ನೋಡ್ತೀರಿ?’ ಎಂದ. ಆ ಹೆಸರು ಅವನಿಗೆ ಅಂಟಿ ಎಷ್ಟೋ ವರ್ಷವಾಗಿತ್ತು. ಹಿಂದೆ ಕನ್ನಡಕದಂಗಡಿಯಲ್ಲಿ ಕೆಲಸ ಕಲಿಯಲು ಸೇರಿ, ಆರೇ ತಿಂಗಳಿಗೆ ಗಾಜುಗಳ ತಟ್ಟೆ ಬೀಳಿಸಿ ಹೊರಬಿದ್ದವನು. ಈಗ ಗಿಡಮೂಲಿಕೆ ಮತ್ತು ಪೌಷ್ಟಿಕ ಮಾತ್ರೆಗಳ ಅಂಗಡಿಯಲ್ಲಿ ಕಣ್ಣಿನ ವಿಭಾಗ ನೋಡಿಕೊಳ್ಳುತ್ತಿದ್ದ. ಪೂರ್ತಿ ಡಾಕ್ಟರಲ್ಲ, ಪೂರ್ತಿ ಅಂಗಡಿಯವನೂ ಅಲ್ಲ. ಬೇರೆಯವರು ಅನ್ನುವಾಗ ನಗುತ್ತಿದ್ದ. ಬೀಗದವನ ಮುಂದೆ ಇವತ್ತೂ ನಕ್ಕ. ನಗುತ್ತಲೇ ಅವನ ಸುತ್ತಿಗೆಯನ್ನು ಕಿತ್ತುಕೊಂಡು ಅವನ ಬೆರಳುಗಳನ್ನು ಒಂದೊಂದಾಗಿ ಅವನದೇ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಜಜ್ಜುವುದನ್ನು ಮನಸ್ಸಿನಲ್ಲಿ ಕಂಡ. ಹೆಬ್ಬೆರಳಿನವರೆಗೂ ಬಂದ ಮೇಲೆ ತಿರುವು ದಾಟಿತು. ಇದೆಲ್ಲ ಶುರುವಾದ ಆ ಭಾನುವಾರವೂ ಎಲ್ಲರೂ ನಕ್ಕಿದ್ದರು. ಅಣ್ಣ, ಅತ್ತಿಗೆ ಊಟಕ್ಕೆ ಬಂದಿದ್ದರು. ಅಣ್ಣ ತನ್ನ ದೊಡ್ಡ ಗಂಟಲಿನಲ್ಲಿ, ‘ಏನಪ್ಪ, ನಿನ್ನ ಹೂವಿನ ಮಾತ್ರೆ ನೀನೂ ತಿಂತೀಯಾ, ಇಲ್ಲ ಬರೀ ಊರಿನವರಿಗೆ ತಿನ್ನಿಸ್ತೀಯಾ?’ ಎಂದಾಗ, ಅವಳು ಬಡಿಸುತ್ತ, ‘ಅಯ್ಯೋ, ದಿನಾ ಎರಡು ನುಂಗ್ತಾರೆ ಭಾವ. ಆದ್ರೂ ಅಂಗಿ ಗುಂಡಿ ಹೊಲ್ಕೋಬೇಕಾದ್ರೆ ಸೂಜಿಗೆ ದಾರ ನಾನೇ ಪೋಣಿಸಿಕೊಡಬೇಕು,’ ಎಂದುಬಿಟ್ಟಳು. ಅದು ನಿಜ. ಹರಿದ ಕೋಟು, ಸುಟ್ಟ ಶಾಲುಗಳನ್ನು ನೂಲಿಗೆ ನೂಲು ಹೆಣೆದು ಎಲ್ಲಿ ಹರಿದಿತ್ತೆಂದೇ ತಿಳಿಯದಂತೆ ರಫೂ ಮಾಡುವ ಕಣ್ಣು ಅವಳದು; ಲಾಂಡ್ರಿಯವನು ಅವಳಿಗೆಂದೇ ಬಟ್ಟೆ ಕಟ್ಟಿಡುತ್ತಿದ್ದ. ಅಣ್ಣನ ಬಾಯಿಂದ ಅನ್ನದ ಅಗುಳು ಹಾರಿ ಅವನ ತಟ್ಟೆಯಲ್ಲಿ ಬಿತ್ತು. ಅವನೂ ನಕ್ಕ. ಅವರನ್ನು ಬೀದಿಯ ತುದಿಯವರೆಗೆ ಬಿಟ್ಟು, ಕೈ ಬೀಸಿ, ವಾಪಸು ಬಂದು, ಬಾಗಿಲ ಚಿಲಕ ಹಾಕಿ, ಅವಳು ಇನ್ನೂ ಅದೇ ನಗುವಿನಲ್ಲಿ ಎಂಜಲು ತಟ್ಟೆ ಎತ್ತುತ್ತಿದ್ದಾಗ ಹೊಡೆದ. ಕೈಯಲ್ಲಿ ಅಂಗಡಿಯ ಬೀಗದ ಕೈಗಳ ಗೊಂಚಲಿತ್ತು. ಅದನ್ನು ಗೂಟಕ್ಕೆ ಹಾಕಿ ಹೊಡೆಯುವಷ್ಟು ವ್ಯವಧಾನ ಇದ್ದಿದ್ದರೆ ಹೊಡೆಯುತ್ತಲೇ ಇರಲಿಲ್ಲವೇನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ. ಅವಳು ಕೂಗಲಿಲ್ಲ. ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಕುಕ್ಕರಿಸಿ, ಇನ್ನೊಂದು ಕೈಯಲ್ಲಿ, ಬಿದ್ದ ತಟ್ಟೆಯ ಚೂರುಗಳನ್ನು ಆರಿಸತೊಡಗಿದಳು.

ಅಂಗಡಿಯ ಬಾಗಿಲು ತೆರೆಯುವ ಮೊದಲು ಐದು ನಿಮಿಷ ಪಾಠ ಒಪ್ಪಿಸುವ ಹೊತ್ತು. ಅಂಗಡಿಯ ಅಮ್ಮ, ಅಂದರೆ ಯಜಮಾನಿ, ಇಪ್ಪತ್ತು ವರ್ಷ ಕಣ್ಣಿನ ವಾರ್ಡಿನಲ್ಲಿ ನರ್ಸಾಗಿದ್ದವರು. ಗಲ್ಲಾದ ಒಳಬದಿಗೆ, ಗಿರಾಕಿಗೆ ಕಾಣದ ಹಾಗೆ, ದಪ್ಪ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿದ್ದರು. ಅದರ ಹೆಸರು ಮಾರಬಾರದವರ ಪಟ್ಟಿ. ಕೆಲಸದವರೆಲ್ಲ ದಿನಾ ಬೆಳಿಗ್ಗೆ ಅದನ್ನು ಶಾಲೆಮಕ್ಕಳ ಹಾಗೆ ಒಟ್ಟಿಗೆ ಹೇಳಬೇಕು: ಕಣ್ಣಂಚಿನಲ್ಲಿ ಮಿಂಚು ಹೊಡೆದಂತೆ ಕಂಡರೆ. ಕಪ್ಪು ಚುಕ್ಕೆ ಹಿಂಡುಹಿಂಡಾಗಿ ಹಾರಿದರೆ. ಪಕ್ಕದಿಂದ ಪರದೆ ಇಳಿದಂತಾದರೆ. ಕಣ್ಣಿಗೆ ಪೆಟ್ಟು ಬಿದ್ದಿದ್ದರೆ. ನೋವಿನ ಜೊತೆ ಕೆಂಪಗಾಗಿದ್ದರೆ. ಈ ಐದರಲ್ಲಿ ಒಂದಿದ್ದರೂ ಆ ಗಿರಾಕಿಗೆ ಒಂದು ಮಾತ್ರೆಯನ್ನೂ ಮಾರಕೂಡದು. ಆ ಗಳಿಗೆಯಲ್ಲೇ ಆಟೊ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸಬೇಕು. ‘ಮಾರೋದು ಕಲಿಯೋಕೆ ಒಂದು ವಾರ ಸಾಕು ಕಣ್ರಪ್ಪ, ಮಾರದೇ ಇರೋದು ಕಲಿಯೋಕೆ ಒಂದು ಜನ್ಮ ಬೇಕು,’ ಎನ್ನುತ್ತಿದ್ದರು ಅಮ್ಮ. ನಮ್ಮ ಮಾತ್ರೆ ಇರುವ ಕಣ್ಣಿಗೆ ಆಸರೆ, ಹೋಗುವ ಕಣ್ಣಿಗೆ ಔಷಧಿಯಲ್ಲ ಎಂದೂ ಹೇಳಿಸುತ್ತಿದ್ದರು. ಅವನ ದನಿ ಯಾವಾಗಲೂ ಎಲ್ಲರಿಗಿಂತ ಮುಂದೆ ಇರುತ್ತಿತ್ತು. ಐದರಲ್ಲಿ ಮೂರು ಅವನ ಮನೆಯಲ್ಲೇ ಇದ್ದವು. ಸೋಮವಾರ ಬೆಳಿಗ್ಗೆ ಅವಳು, ‘ರೀ, ಕಣ್ಣು ಮುಚ್ಚಿದ್ರೂ ಬೆಳಕು ಫಳ್ ಅಂತ ಹೊಡೀತಾ ಇದೆ,’ ಎಂದಿದ್ದಳು. ಬುಧವಾರ, ‘ಮೂಗಿನ ಕಡೆಯಿಂದ ಏನೋ ಕಪ್ಪಗೆ ಅಡ್ಡ ಬರ್ತಿದೆ, ಕೈಯಿಂದ ಸರಿಸೋಣ ಅನ್ನಿಸುತ್ತೆ,’ ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ್ದಳು. ಅವನು, ನರ ದಣಿದಿದೆ, ಹದಿನೈದು ದಿನ ತಗೋ, ಹೂವಿನ ಸಾರ ಇದೆ, ಮೀನೆಣ್ಣೆ ಇದೆ, ಸತು ಇದೆ, ಎಲ್ಲ ಸರಿಹೋಗುತ್ತೆ ಎಂದ. ‘ನಿಮಗೆ ಗೊತ್ತಿಲ್ಲದ್ದು ಏನಿದೆ,’ ಎಂದಿದ್ದಳು ಅವಳು. ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳುತ್ತಾರೆ, ಕೆನ್ನೆಯ ಮೇಲೆ ಬೀಗದ ಕೈಯ ಹಲ್ಲು ಮೂಡಿದೆ, ಅದು ಮಾಯಲಿ. ಇಷ್ಟೇ ಅವನ ಲೆಕ್ಕಾಚಾರವಾಗಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಅವನ ತಾಯಿ ಅವನ ತಂದೆಗೆ ಹೇಳುತ್ತಿದ್ದಳು. ಹೇಳಿದ ಪ್ರತಿ ಸಲವೂ ಏಟು ತಿನ್ನುತ್ತಿದ್ದಳು, ಏಟಿನ ಮರುದಿನ ತಂದೆ ಬಟಾಣಿಯ ಪೊಟ್ಟಣ ತರುತ್ತಿದ್ದ, ತಾಯಿ ಅದನ್ನು ಎಲ್ಲರಿಗೂ ಹಂಚುತ್ತಿದ್ದಳು.

ಊರಿಗೆ ಉಪಕಾರವನ್ನಂತೂ ಅವನು ಮಾಡಿಯೇ ಇದ್ದ. ಹೋದ ಗುರುವಾರ ಒಬ್ಬ ಲಾರಿ ಡ್ರೈವರು ಬಂದು, ಕಣ್ಣಿಗೆ ಒಳ್ಳೇ ಡಬ್ಬಿ ಕೊಡಿ ಸಾರ್, ಎರಡು ದಿನದಿಂದ ಮಿಂಚು ಹೊಡೀತಿದೆ, ಇವತ್ತು ಒಂದು ಕಡೆ ಪರದೆ ಬಿಟ್ಟ ಹಾಗೆ ಆಗಿದೆ ಎಂದ. ಅವನು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು, ಗಲ್ಲಾ ಹಾರಿ ಹೊರಗೆ ಬಂದು, ಡ್ರೈವರನ ರಟ್ಟೆ ಹಿಡಿದು ಬೀದಿಗೆ ಎಳೆದ. ‘ನಿನಗೆ ಮಾರಲ್ಲ. ಸ್ಟಿಯರಿಂಗ್ ಮುಟ್ಟಿದ್ರೆ ಕೈ ಮುರೀತೀನಿ. ಒಳಗಿನ ಪೊರೆ ಹರೀತಿದೆ ಕಣಯ್ಯಾ, ಗಂಟೆಗಂಟೆಗೂ ಹರಿಯುತ್ತೆ, ನಡೀ!’ ಎಂದು ಕೂಗಾಡಿದ. ಡ್ರೈವರು, ಲಾರಿಯನ್ನ ಇಲ್ಲೇ ಬಿಟ್ಟು ಹೇಗೆ ಹೋಗಲಿ ಎಂದರೆ ಅವನ ಬೆನ್ನಿಗೆ ಗುದ್ದಿ ಆಟೊದೊಳಕ್ಕೆ ತಳ್ಳಿದ. ಅಷ್ಟು ಸಿಟ್ಟು, ಅಷ್ಟು ಕಾಳಜಿ, ಆ ಎರಡೂ ಒಂದೇ ಕೈಯಲ್ಲಿ ಇರುವುದನ್ನು ಅವನು ಅದೇ ಮೊದಲು ಕಂಡದ್ದು. ಅಂಗಡಿಯ ಅಮ್ಮ ಎಲ್ಲರೆದುರಿಗೆ ಅವನ ಬೆನ್ನು ತಟ್ಟಿ, ಹೊಸದಾಗಿ ಬಂದಿದ್ದ ದೊಡ್ಡ ಡಬ್ಬಿಯೊಂದನ್ನು ಕೊಟ್ಟು, ‘ಮನೆಯವಳಿಗೆ ಕೊಡು, ಕಣ್ಣಿನ ಕೆಲಸ ಮಾಡೋಳು,’ ಎಂದಿದ್ದರು. ಆ ಸಂಜೆ ಅವನು ಅದನ್ನು ಹೆಂಡತಿಗೆ ಕೊಟ್ಟ. ಡ್ರೈವರನ ವಿಷಯ ಹೇಳಲಿಲ್ಲ. ಒಂದಿದ್ದುದನ್ನು ದಿನಕ್ಕೆ ಎರಡು ಮಾಡಿದ.

ಇವತ್ತು ಪಟ್ಟಿ ಹೇಳುವಾಗ ನಾಲ್ಕನೆಯದಕ್ಕೆ ಬಂದಾಗ ಅವನ ನಾಲಿಗೆ ನಿಂತುಹೋಯಿತು. ಉಳಿದವರು ಹೇಳಿ ಮುಗಿಸಿದರು. ಅಮ್ಮ ಕನ್ನಡಕದ ಮೇಲಿಂದ ನೋಡಿ, ‘ಏನು, ಡಾಕ್ಟರಿಗೆ ಪಾಠ ಮರೆತುಹೋಯ್ತಾ?’ ಎಂದರು. ಬಾಗಿಲು ತೆರೆದರು. ಮೊದಲು ಬಂದವನು ಕಾಲೇಜಿನಲ್ಲಿ ಪಾಠ ಹೇಳುವವನಂತೆ ಕಾಣುತ್ತಿದ್ದ ತೆಳ್ಳನೆಯ ಮನುಷ್ಯ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದ. ‘ಇದನ್ನ ತಗೊಂಡ್ರೆ ದೃಷ್ಟಿ ಬರುತ್ತಾ?’ ‘ಬರಲ್ಲ ಸಾರ್. ಇರೋ ದೃಷ್ಟಿಗೆ ಆಸರೆ.’ ‘ಅಂದ್ರೆ ತಗೊಂಡ್ರೂ ಒಂದೇ, ತಗೊಳ್ದಿದ್ರೂ ಒಂದೇ.’ ‘ಹಾಗಲ್ಲ ಸಾರ್, ವಯಸ್ಸಾದವರಿಗೆ, ಸೊಪ್ಪು ತರಕಾರಿ ಸರಿಯಾಗಿ ತಿನ್ನದೇ ಇರೋರಿಗೆ...’ ‘ಇರಲಿ ಬಿಡಿ,’ ಎಂದು ನಕ್ಕ ಆ ಮನುಷ್ಯ. ಕೆಟ್ಟ ನಗುವೇನಲ್ಲ. ‘ಒಂದು ಮಾತು ಹೇಳಿ. ನಿಮ್ಮ ಮನೆಯವರ ಕಣ್ಣು ಕೆಟ್ಟರೆ ನೀವು ಇದನ್ನೇ ಕೊಡ್ತೀರಾ?’ ಆಮೇಲೆ ಏನಾಯಿತೆಂದು ಅವನಿಗೆ ತುಂಡುತುಂಡಾಗಿ ಮಾತ್ರ ತಿಳಿಯಿತು. ಮುಷ್ಟಿಯಲ್ಲಿ ಅಂಗಿಯ ಕಾಲರು. ಗಾಜಿನ ಗಲ್ಲಾದ ಮೇಲೆ ಅಡ್ಡಬಿದ್ದ ಮೈ. ಪುಡಿಯ ಭರಣಿ ಉರುಳಿ ಒಡೆದು, ಹಳದಿ ಪುಡಿ ಮೂಗಿಗೆ ಅಡರಿ ಇಬ್ಬರೂ ಕೆಮ್ಮುತ್ತಿದ್ದರು. ಮನುಷ್ಯನ ಕನ್ನಡಕ ಅವನ ಕಾಲ ಬಳಿ ಬಿದ್ದಿತ್ತು. ಅದನ್ನು ನೋಡಿದ. ಎಡಗಾಜಿನ ಮೇಲೆ ಹಿಮ್ಮಡಿಯಿಟ್ಟು ನಿಧಾನವಾಗಿ ಭಾರ ಬಿಟ್ಟ. ಆ ಸದ್ದು ಅವನಿಗೆ ಹಿತವಾಯಿತು. ಹಿತವಾದದ್ದು ಗೊತ್ತಾಗಿ ಕಾಲು ತೆಗೆದ.

ಅಂಗಡಿಯ ಅಮ್ಮ ಅವನ ಮಣಿಕಟ್ಟನ್ನು ಹಿಡಿದದ್ದು ನರ್ಸಿನ ಹಿಡಿತದಲ್ಲಿ. ನೋವಿಗೆ ಒದ್ದಾಡುವ ರೋಗಿಗಳನ್ನೂ ಮಂಚಕ್ಕೆ ಒತ್ತಿ ಹಿಡಿದಿದ್ದ ಕೈ ಅದು. ಗಿರಾಕಿಯ ಕೈಕಾಲು ಹಿಡಿದು, ಹೊಸ ಕನ್ನಡಕದ ಮಾತಾಡಿ, ಕಳಿಸಿದರು. ಆಮೇಲೆ ಹಿಂದಿನ ಕೋಣೆಗೆ ಕರೆದು ಬಾಗಿಲು ಹಾಕಿದರು. ‘ಮನೇಲಿ ಎಲ್ಲ ಸರಿ ಇದೆಯಾ?’ ಅವನು ತಲೆ ಬಗ್ಗಿಸಿದ. ಹೇಳಬಹುದಿತ್ತು. ಈ ಹೆಂಗಸು ಹತ್ತು ನಿಮಿಷದಲ್ಲಿ ಯಾರನ್ನೋ ಹಿಡಿದು, ಯಾವುದೋ ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸಿಯಾದರೂ ಕರೆಸುತ್ತಿದ್ದರು. ಆದರೆ ಇದೇ ಹೆಂಗಸು ಎಲ್ಲರೆದುರಿಗೆ ಬೆನ್ನು ತಟ್ಟಿದ್ದರು. ಆ ಕೈ ಬೆನ್ನ ಮೇಲೆ ಇನ್ನೂ ಬೆಚ್ಚಗಿತ್ತು. ‘ಸರಿ ಇದೆ ಅಮ್ಮ,’ ಎಂದ. ‘ಹಾಗಾದ್ರೆ ಮನೆಗೆ ಹೋಗು. ತಲೆ ತಣ್ಣಗಾಗೋ ತನಕ ಈ ಕಡೆ ಬರಬೇಡ.’

ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಕಿಟಕಿಯ ಬಳಿ ಲಾಂಡ್ರಿಯ ಬಿಳಿ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ತೋಳಿನ ಮೇಲೆ ಸಿಗರೇಟಿನ ಕಿಡಿ ಬಿದ್ದು ಆಗಿದ್ದ ತೂತು, ಹೆಸರುಕಾಳಿನಷ್ಟು. ಅವಳಿಗೆ ಅರ್ಧ ಗಂಟೆಯ ಕೆಲಸ. ತೂತಿನ ಸುತ್ತ ಕೆಂಪು ಚುಕ್ಕೆಗಳಿದ್ದವು. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ತಿಳಿಯದೆ ಸೂಜಿ ಬಟ್ಟೆಗೆ ಇಳಿಯುವ ಬದಲು ಬೆರಳಿಗೆ ಇಳಿದಿತ್ತು, ಒಂದು ಸಲವಲ್ಲ. ತೋರುಬೆರಳಿನ ತುದಿ ಜರಡಿಯಾಗಿತ್ತು. ಅವಳು ಅದನ್ನು ಬಾಯಲ್ಲಿಟ್ಟು ಚೀಪಿ, ಮತ್ತೆ ಸೂಜಿ ಹಿಡಿದು, ಮತ್ತೆ ಚುಚ್ಚಿಕೊಂಡಳು. ಅವನು ಹೊತ್ತಲ್ಲದ ಹೊತ್ತಿನಲ್ಲಿ ಬಂದು ನಿಂತದ್ದನ್ನು ಯಾಕೆಂದು ಕೇಳಲಿಲ್ಲ. ‘ಇದು ಮೂರನೇದು ಹಾಳಾಗಿದ್ದು,’ ಎಂದಳು. ‘ರೀ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಾತ್ರೆ ಒಳ್ಳೇದೇ ಇರುತ್ತೆ. ನನ್ನ ಮೈಗೆ ಹತ್ತುತ್ತಾ ಇಲ್ಲ ಅಷ್ಟೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ?’ ಆಮೇಲೆ, ಕೇಳಿದ್ದು ಹೆಚ್ಚಾಯಿತೇನೋ ಎನ್ನುವಂತೆ, ‘ನಿಮಗೆ ಕೆಲಸ ಇದ್ರೆ ಬಸ್ಸಿನ ನಂಬರು ಹೇಳಿ, ನಾನೇ ಹೋಗ್ತೀನಿ,’ ಎಂದಳು. ಕೋಟನ್ನು ಕಿತ್ತು ಅವಳ ಮುಖಕ್ಕೆ ಬಿಗಿಯಾಗಿ ಸುತ್ತಿ ಈ ಮಾತು ನಿಲ್ಲುವ ತನಕ ಒತ್ತಿಬಿಡಬೇಕು ಎಂದು ಅವನ ಎರಡೂ ಕೈಗಳಿಗೆ ಅನ್ನಿಸಿತು. ಮಾಡಲಿಲ್ಲ. ಬಗ್ಗಿ, ಅವಳ ಗದ್ದ ಹಿಡಿದು, ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದ. ಏನೂ ಇರಲಿಲ್ಲ. ‘ಹೊರಡು,’ ಎಂದ.

ಬಸ್ಸಿನಲ್ಲಿ ಅವಳನ್ನು ಕಿಟಕಿಯ ಕಡೆ ಕೂರಿಸಿದ. ಎರಡು ನಿಲ್ದಾಣ ಕಳೆದ ಮೇಲೆ ಕಿವಿಯ ಹತ್ತಿರ ಬಾಯಿ ತಂದು, ‘ಕೇಳಿದ್ರೆ ಬೀರು ಬಾಗಿಲು ತಾಗ್ತು ಅನ್ನು,’ ಎಂದ. ಅವಳು ಹೊರಗೆ ನೋಡುತ್ತಲೇ, ‘ಹೋದ ಸಲ ಬಚ್ಚಲಲ್ಲಿ ಜಾರಿದ್ದೆ. ಅದಕ್ಕೆ ಮುಂಚೆ ಮೆಟ್ಟಿಲು. ಈ ಸಲ ಬೀರು. ಆಗಲಿ,’ ಎಂದಳು. ಹಾಲು, ಸೋಪು ತರಬೇಕೆಂದು ನೆನಪಿಟ್ಟುಕೊಳ್ಳುವವಳ ದನಿ ಅದು. ಅವನಿಗೆ ಒಮ್ಮೆಲೇ ಅಳು ಬಂತು. ಅಳು ಕೈಗೆ ಇಳಿಯುವ ಮುಂಚೆ ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದುಕೊಂಡ. ಈ ಹೆಂಗಸಿಗೆ ತನ್ನ ಮೇಲೆ ದ್ವೇಷವೇ ಇಲ್ಲವೇ? ಇದ್ದಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು ಎಂದುಕೊಂಡ.

ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ, ವಯಸ್ಸಿನಲ್ಲಿ ಚಿಕ್ಕವಳಾದ ಡಾಕ್ಟರು ಅವಳ ಗದ್ದವನ್ನು ಯಂತ್ರಕ್ಕೆ ಆನಿಸಿ, ಪಾಪೆ ಅಗಲವಾಗುವ ಹನಿ ಹಾಕಿ, ಬಹಳ ಹೊತ್ತು ನೋಡಿದಳು. ‘ಪೆಟ್ಟು ಬಿದ್ದು ಎಷ್ಟು ದಿನ ಆಯ್ತಮ್ಮ?’ ‘ಇವತ್ತಿಗೆ ಹನ್ನೊಂದು.’ ‘ಮಿಂಚು, ಪರದೆ?’ ‘ಮಿಂಚು ಮಾರನೇ ದಿನಾನೇ. ಪರದೆ ಹೋದ ಬುಧವಾರದಿಂದ.’ ‘ಇಷ್ಟು ದಿನ ಏನು ಮಾಡ್ತಿದ್ರಿ?’ ‘ಮಾತ್ರೆ ತಗೊಳ್ತಿದ್ದೆ. ಚೆಂಡುಹೂವಿಂದು.’ ಡಾಕ್ಟರು ಪೆನ್ನು ಕೆಳಗಿಟ್ಟಳು. ಬಯ್ಯಲಿಲ್ಲ. ಬೈದಿದ್ದರೆ ಅವನು ತಿರುಗಿ ಬೀಳಬಹುದಿತ್ತು. ‘ಆ ಮಾತ್ರೆ ತಪ್ಪು ಅಂತಲ್ಲ. ಬೀಳ್ತಿರೋ ಗೋಡೆಗೆ ಸುಣ್ಣ ಹೊಡೆದ್ರೆ ಏನು ಬಂತು? ಒಳಗಿನ ಪೊರೆ ಹರಿದು ನಡುಮಧ್ಯದ ಜಾಗಾನೂ ಬಿಟ್ಕೊಂಡಿದೆ. ನಾಳೆ ಬೆಳಿಗ್ಗೆ ಆಪರೇಷನ್ ಮಾಡಿ ಅಂಟಿಸ್ತೀವಿ. ಬೆಳಕು, ಆಕಾರ, ನಡೆದಾಡೋಷ್ಟು ಬರಬಹುದು. ಸೂಜಿ ಕೆಲಸ ಮಾತ್ರ ಈ ಕಣ್ಣಿಂದ ಆಗುತ್ತೆ ಅಂತ ನಾನು ಹೇಳಲಾರೆ.’ ಪೆನ್ನನ್ನು ಮತ್ತೆ ಎತ್ತಿಕೊಂಡು, ‘ಮೊದಲ ಒಂದೆರಡು ದಿನದಲ್ಲಿ ಬಂದಿದ್ರೆ ಬಹುಶಃ ಹೇಳಬಹುದಿತ್ತು,’ ಎಂದಳು.

ಹೊರಗಿನ ಉದ್ದನೆಯ ಹಜಾರದಲ್ಲಿ ಅವನು ಗೋಡೆಗೆ ಒರಗಿ ನಿಂತ. ಅವಳು ಹನಿ ಹಾಕಿದ ಕಣ್ಣುಗಳಿಂದ ನೀರು ಸುರಿಸಿಕೊಂಡು, ತಡವಿ ತಡವಿ ಅವನ ತೋಳು ಹುಡುಕಿ ಹಿಡಿದುಕೊಂಡಳು. ‘ಮುಖ ಸಣ್ಣ ಮಾಡ್ಕೋಬೇಡಿ,’ ಎಂದಳು. ‘ಹೊಡೆದದ್ದು ಸಿಟ್ಟಲ್ಲಿ. ಕೀ ಗೊಂಚಲು ಇದೆ ಅಂತ ನಿಮಗೂ ಗೊತ್ತಾಗಿರಲ್ಲ. ಪರದೆ ಅಂದ್ರೆ ಇಷ್ಟು ದೊಡ್ಡ ರೋಗ ಅಂತ ನಿಮಗೆ ಹೇಗೆ ತಿಳೀಬೇಕು? ನೀವೇನು ಡಾಕ್ಟ್ರಾ?’ ಜೀವಮಾನವಿಡೀ ಅವನನ್ನು ಇರಿದ ಮಾತು ಅದು. ಈಗ ಅದರೊಳಗೆ ಜಾಗವಿದೆ ಎನ್ನಿಸಿತು. ಹೌದು, ತಾನು ಡಾಕ್ಟರಲ್ಲ. ತನಗೆ ಹೇಗೆ ತಿಳಿಯಬೇಕು. ನಾಚಿಕೆಯಿಲ್ಲದೆ ಆ ಮಾತಿನೊಳಗೆ ನುಸುಳಿ ಕೂತ. ‘ಇಲ್ಲ, ತಿಳೀಲಿಲ್ಲ,’ ಎಂದ ಗಟ್ಟಿಯಾಗಿಯೇ. ಅವಳ ಬೆರಳಿನ ಗಾಯಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು, ನಾಳೆಯಿಂದ ಮನುಷ್ಯನಾಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಆ ಹೊತ್ತಿಗೆ ಅದು ಸುಳ್ಳೂ ಆಗಿರಲಿಲ್ಲ.

ದಾಖಲಾತಿಯ ಕಿಟಕಿಯ ಮುಂದೆ ಐದಾರು ಜನರ ಸಾಲಿತ್ತು. ಅವರು ಹೋಗಿ ನಿಂತು ಇನ್ನೂ ಉಸಿರು ಬಿಟ್ಟಿರಲಿಲ್ಲ, ಬೆಂಚಿನ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದ ಗಿಡ್ಡ ಮನುಷ್ಯನೊಬ್ಬ ಎದ್ದು, ‘ಸಾರ್! ಅಂಗಡಿ ಸಾರ್!’ ಎಂದು ಕೂಗಿಕೊಂಡೇ ಬಂದ. ಲಾರಿ ಡ್ರೈವರು. ಎರಡೂ ಕೈಗಳಿಂದ ಅವನ ಕೈ ಹಿಡಿದು ಅಲ್ಲಾಡಿಸಿದ. ‘ನಿಮ್ಮಿಂದ ಕಣ್ಣು ಉಳೀತು ಸಾರ್. ಆವತ್ತೇ ಲೇಸರ್ ಹಾಕಿದ್ರು. ಇವತ್ತು ತೋರಿಸೋಕೆ ಬಂದೆ, ನೋಡಿ, ಮೂಲೆ ಬೋರ್ಡಿನ ಅಕ್ಷರ ಓದ್ತೀನಿ.’ ಓದಿಯೂ ತೋರಿಸಿದ. ಅವನು ಕೈ ಬಿಡಿಸಿಕೊಳ್ಳಲು ನೋಡಿದ, ‘ಆಯ್ತು ಆಯ್ತು, ಆಮೇಲೆ ಮಾತಾಡೋಣ,’ ಎಂದ. ಕೃತಜ್ಞತೆ ತುಂಬಿದ ಮನುಷ್ಯನ ಬಾಯಿ ಮುಚ್ಚಿಸಲು ಯಾರಿಂದಾದೀತು? ‘ತಂಗೀ, ನಿಮ್ಮ ಯಜಮಾನರಾ? ಪುಣ್ಯ ಮಾಡಿದ್ರಿ ಬಿಡಿ. ಮಾತ್ರೆ ಕೇಳಿದ್ರೆ ಕೊಡ್ಲೇ ಇಲ್ಲ ಮಹಾರಾಯರು! ಮಿಂಚು, ಪರದೆ ಅಂತ ನಾನು ಬಾಯಿ ತೆಗೆಯೋದ್ರೊಳಗೆ ಬೆನ್ನಿಗೆ ಗುದ್ದಿ ಆಟೊ ಹತ್ತಿಸಿಬಿಟ್ರು. ಪೊರೆ ಹರೀತಿದೆ, ಗಂಟೆಗಂಟೆಗೂ ಹರಿಯುತ್ತೆ ಅಂತ ಆವತ್ತೇ ಹೇಳಿದ್ರು. ಇಲ್ಲಿ ಡಾಕ್ಟರಮ್ಮನೂ ಅದೇ ಮಾತು ಹೇಳಿದ್ರು, ಅಕ್ಷರ ಹೆಚ್ಚೂಕಮ್ಮಿ ಇಲ್ಲ.’

‘ಯಾವತ್ತು ಅಣ್ಣ?’ ಎಂದು ಅವಳು ಕೇಳಿದಳು.

‘ಹೋದ ಗುರುವಾರ ತಂಗಿ. ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು.’

‘ಇವರಿಗೆ ಹೇಗೆ ಗೊತ್ತಾಯ್ತಂತೆ?’

‘ಗೊತ್ತಾಗದೆ ಏನು? ಅಂಗಡೀಲಿ ಪಟ್ಟಿ ಅಂಟಿಸಿದಾರಂತೆ, ದಿನಾ ಬೆಳಿಗ್ಗೆ ಬಾಯಿಪಾಠ ಒಪ್ಪಿಸ್ತಾರಂತೆ. ಅಲ್ಲಿಂದ ಇನ್ನೊಬ್ಬ ಕೆಲಸದವನು ಜೊತೆಗೆ ಆಟೊದಲ್ಲಿ ಬಂದಿದ್ನಲ್ಲ, ಅವನೇ ಹೇಳಿದ. ಎಷ್ಟೋ ವರ್ಷದಿಂದ ಹೇಳ್ತಿದಾರಂತೆ.’ ಡ್ರೈವರು ಇನ್ನೂ ಏನೇನೋ ಹೇಳಿ, ಕೈ ಮುಗಿದು, ಹೋದ. ಅವನು ಹೆಂಡತಿಯ ಮುಖ ನೋಡಲಿಲ್ಲ. ಅವಳ ಕೈ ತನ್ನ ತೋಳಿನಿಂದ ಯಾವಾಗ ಹೋಯಿತೆಂದು ಅವನಿಗೆ ತಿಳಿಯಲಿಲ್ಲ. ಸಾಲು ಒಂದೊಂದೇ ಹೆಜ್ಜೆ ಮುಂದೆ ಹೋಯಿತು. ‘ಕೇಳು,’ ಎಂದ. ಅವಳು ಕೇಳಲಿಲ್ಲ. ‘ಕೇಳೇ, ಕೆನ್ನೆ ಮೇಲೆ ಗುರುತಿತ್ತು, ಅದಕ್ಕೆ...’ ಎಂದವನು ತಾನು ಹೇಳುತ್ತಿರುವುದು ಏನೆಂದು ತನ್ನ ಕಿವಿಗೇ ಕೇಳಿಸಿ ನಿಲ್ಲಿಸಿದ.

ಕಿಟಕಿಯೊಳಗಿನ ಗುಮಾಸ್ತ ತಲೆಯೆತ್ತದೆ ಹೆಸರು, ವಯಸ್ಸು, ಕೆಲಸ ಬರೆದುಕೊಂಡ. ‘ಪೆಟ್ಟು ಹೇಗಾಯ್ತು?’

‘ಬೀರು ಬಾಗಿಲು...’ ಎಂದು ಅವನೇ ಶುರು ಮಾಡಿದ.

‘ಅವರು ಹೇಳಲಿ,’ ಎಂದ ಗುಮಾಸ್ತ.

ಅವನು ಅವಳ ರಟ್ಟೆ ಹಿಡಿದ. ಮೂಳೆ ಸಿಗುವ ತನಕ ಬೆರಳು ಇಳಿಸಿ ಹಿಡಿದ; ಮನೆಯಲ್ಲಿ ನೆಂಟರ ಮುಂದೆ, ಅಂಗಡಿಬೀದಿಯಲ್ಲಿ, ಎಷ್ಟೋ ಸಲ ಅವಳ ಬಾಯಿ ಮುಚ್ಚಿಸಿದ್ದ ಹಿಡಿತ ಅದು. ಅವಳು ತೋಳನ್ನು ಬಿಡಿಸಿಕೊಳ್ಳಲೂ ಇಲ್ಲ, ದನಿ ತಗ್ಗಿಸಲೂ ಇಲ್ಲ. ‘ಇವರು ಹೊಡೆದರು. ಭಾನುವಾರ ಮಧ್ಯಾಹ್ನ. ಕೈಯಲ್ಲಿ ಬೀಗದ ಕೈ ಇತ್ತು,’ ಎಂದಳು. ಗುಮಾಸ್ತ ಮೊದಲ ಸಲ ತಲೆಯೆತ್ತಿ, ಅವಳ ರಟ್ಟೆಯ ಮೇಲಿದ್ದ ಅವನ ಕೈಯನ್ನು ನೋಡಿದ, ಆಮೇಲೆ ಅವನ ಮುಖ ನೋಡಿದ. ಕೈ ತಾನಾಗಿ ಕಳಚಿತು. ಗುಮಾಸ್ತ ಬರೆದು ಮುಗಿಸಿ ಹಾಳೆಯನ್ನು ಅವಳ ಕಡೆಗೆ ತಿರುಗಿಸಿ, ಸಹಿಯ ಜಾಗಕ್ಕೆ ಅವಳ ಬೆರಳನ್ನು ಹಿಡಿದು ಇಟ್ಟ.

ಅವಳು ಸಹಿ ಹಾಕಲಿಲ್ಲ. ‘ಇನ್ನೂ ಇದೆ,’ ಎಂದಳು. ‘ಹೊಡೆದದ್ದು ಒಂದು ದಿನ. ಆಮೇಲೆ ಹತ್ತು ದಿನ, ಕಣ್ಣು ಹೋಗ್ತಿದೆ ಅಂತ ಗೊತ್ತಿದ್ದೂ, ಮೊದಲು ದಿನಕ್ಕೊಂದು, ಆಮೇಲೆ ಎರಡೆರಡು ಮಾತ್ರೆ ಕೊಟ್ಟರು. ಅದನ್ನೂ ಬರ್ಕೊಳ್ಳಿ.’

‘ಇಲ್ಲಿ ಇಷ್ಟೇ ಜಾಗ ಇರೋದಮ್ಮ.’

‘ಹಾಳೆ ಹಿಂದೆ ಬರೀರಿ,’ ಎಂದಳು ಅವಳು. ‘ಒಂದೊಂದೇ ದಿನ ಹೇಳ್ತೀನಿ. ಸೋಮವಾರ.’